ಪಂಚಮಿಯ ದಿನ ಉಳಿದ ಸುರುಳಿ

ಇದು ನಡೆದದ್ದೋ, ಮಳೆಗಾಲದ ಯಾವುದೋ ಮಧ್ಯಾಹ್ನದ ನಿದ್ದೆಯಲ್ಲಿ ಕಂಡದ್ದೋ, ಆಣೆ ಮಾಡಿ ಹೇಳಲಾರೆ. ಎಪ್ಪತ್ತರ ದಶಕದ ಕೊನೆಯ ಆ ದಿನಗಳಲ್ಲಿ ನಾವು ಡೊಂಬಿವಲಿಯ ಒಂದು ಚಾಳಿನ ಮಹಡಿಯಲ್ಲಿದ್ದೆವು. ಎಲ್ಲರ ಬಾಗಿಲ ಮುಂದಿನ ಗ್ಯಾಲರಿಯಲ್ಲಿ ಎರಡು ಎಣ್ಣೆ ಡಬ್ಬಗಳು. ಒಂದರಲ್ಲಿ ಅಮ್ಮನ ದಾಸವಾಳ, ಇನ್ನೊಂದರಲ್ಲಿ ಪಕ್ಕದ ಖೋಲಿಯ ವಿಜಯಪುರದ ಗಂಗಮ್ಮನ ಬೆಂಡೆ.

ಶ್ರಾವಣ ಬಂದಂತೆ ದಾಸವಾಳದ ಎಲೆಗಳು ಬೀಡಿಯ ಹಾಗೆ ಸುರುಳಿಯಾದವು. ಬೆಳಕಿಗೆ ಹಿಡಿದರೆ ಒಳಗೆ ಗಾಜಿನಂಥ ಹಸಿರು ಹುಳು. ನೂಲು ಬಿಟ್ಟು ಎಲೆಯನ್ನು ತನ್ನ ಸುತ್ತ ಬಿಗಿದುಕೊಂಡು, ಅದನ್ನೇ ತಿಂದು, ಅಲ್ಲೇ ಮಲಗುತ್ತಿತ್ತು. ದೇವರಿಗೆ ಹೂವಿಲ್ಲವಾಯಿತೆಂದು ಅಮ್ಮ ಒಂದೊಂದೇ ಸುರುಳಿ ಕಿತ್ತು ಸಾಬೂನು ನೀರಿಗೆ ಹಾಕಿದಳು. ಕೊನೆಗೆ ಒಂದು ಉಳಿಯಿತು. ಅದರೊಳಗಿನ ಹುಳು ಆಗಲೇ ಕಂದು ಕೋಶವಾಗಿತ್ತು. ಮುಟ್ಟಿದರೆ ಬಾಲ ಆಡಿಸುತ್ತಿತ್ತು. ಏನು ಹೊರಬರುತ್ತದೆಂದು ನೋಡಬೇಕಿತ್ತು ನನಗೆ. ಬೇರೇನೂ ಬೇಕಿರಲಿಲ್ಲ.

ನಾಗರ ಪಂಚಮಿಯಂದು ನಮ್ಮ ಮನೆಯಿಂದ ಅರಿಶಿನ ಎಲೆಯಲ್ಲಿ ಬೇಯುವ ‘ಗಟ್ಟಿ’ ಎಂಬ ನಮ್ಮ ಕರಾವಳಿಯ ಕಡುಬಿನ ಪರಿಮಳ ಬರುತ್ತಿತ್ತು. ಅಮ್ಮ ಆ ಸುರುಳಿಗೆ ಕೈ ಹಾಕಿದಳು.

"ಅಕ್ಕಾರ, ಪಂಚಮಿ ದಿನ ಎಲಿ ಹರೀತೀರೇನ್ರೀ?" ಎಂದಳು ಗಂಗಮ್ಮ. "ನಾವು ಇವತ್ತ ಒಲಿ ಮ್ಯಾಲೆ ಹಂಚ ಸುದ್ದಾ ಇಡಂಗಿಲ್ಲ."

"ನಮ್ಮಲ್ಲಿ ಎಲೆ ಕೊಯ್ಯದೆ ಪಂಚಮಿಯೇ ಇಲ್ಲ ಮಾರಾಯ್ರೆ. ಗಟ್ಟಿ ಯಾವುದರಲ್ಲಿ ಬೇಯಿಸುವುದು?"

"ನಿಮ್ಮೂರಾಗ ಕೊಯ್ಕೋರಿ. ಇದು ಡೊಂಬಿವಲಿ."

ಅಮ್ಮ ನಕ್ಕು ಕೈ ಹಿಂದೆಗೆದಳು. "ಆಯ್ತು, ನಾಳೆ ಕೀಳ್ತೇನೆ. ಈ ಹುಡುಗನ ಮುಖ ನೋಡಿ, ಮನೆಯಲ್ಲಿ ಹೆರಿಗೆ ಕಾಯುತ್ತಿರುವ ಹಾಗೆ."

ಮರುದಿನ ನಾನು ಅಮ್ಮನಿಗಿಂತ ಮೊದಲೇ ಎದ್ದೆ. ಸುರುಳಿಯಲ್ಲಿ ಬರೀ ಸಿಪ್ಪೆಯಿತ್ತು. ಪಕ್ಕದ ಗೋಡೆಯ ಮೇಲೆ ಒಣಹುಲ್ಲಿನ ಬಣ್ಣದ ಪತಂಗ, ರೆಕ್ಕೆಯ ತುಂಬ ಕಂದು ಅಲೆಗಳು. ದೂರದಲ್ಲಿ ಲೋಕಲ್ ರೈಲು ಹೊರಟ ಸದ್ದು. ಅಮ್ಮ ನೀರಿನ ತಂಬಿಗೆ ಹಿಡಿದು ಬಂದು ನನ್ನ ಹಿಂದೆ ನಿಂತಳು. ನಿಂತಿದ್ದಳೆಂದು ನನಗೆ ನೆನಪು. ಪತಂಗ ತುಂತುರು ಮಳೆಯೊಳಗೆ ಹಾರಿ ಕರಗಿಹೋಯಿತು.

ಮುಂದಿನ ತಿಂಗಳು ಗಂಗಮ್ಮನ ಬೆಂಡೆಯ ಎಲೆಗಳು ಸುತ್ತಿಕೊಂಡವು.

"ನೀವು ಉಳಿಸಿದ ನೆಂಟ ನಿಮ್ಮಲ್ಲಿಗೇ ಬಂದ ನೋಡಿ," ಎಂದಳು ಅಮ್ಮ.

"ಬರ್ಲಿ ಬಿಡ್ರಿ. ಉಂಡ ಹೋಗ್ತಾನ."

ಗಂಗಮ್ಮ ಆಮೇಲೆ ಟಿಟ್ವಾಳಾ ಕಡೆ ಮನೆ ಮಾಡಿಕೊಂಡು ಹೋದಳು. ಚಾಳು ಕೆಡವಿ ಕಟ್ಟಿದ ಬಿಲ್ಡಿಂಗಿನಲ್ಲಿ ಗ್ಯಾಲರಿಯಿಲ್ಲ; ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಅಡ್ಡ ಬರುವಷ್ಟು ಹತ್ತಿರ ಯಾರೂ ಇಲ್ಲ. ಆ ಬೆಳಗಿನ ಪತಂಗದ ಬಗ್ಗೆ ಅಮ್ಮನನ್ನು ಒಮ್ಮೆ ಕೇಳಿದ್ದೆ. "ಯಾವ ಚಿಟ್ಟೆ?" ಅಂದಿದ್ದಳು. ಈಗ ಕೇಳಲು ಅವಳೂ ಇಲ್ಲ. ಒಂದು ಸಂಗತಿ ಮಾತ್ರ ನಿಜವೇ ಎಂದು ಲೈಬ್ರರಿಯಲ್ಲಿ ಪುಸ್ತಕ ತೆಗೆದು ನೋಡಿದೆ: ದಾಸವಾಳದ ಎಲೆ ಸುತ್ತುವ ಪತಂಗವೇ ಬೆಂಡೆಯ ಎಲೆಯನ್ನೂ ಸುತ್ತುತ್ತದೆ.