ಮೂವತ್ತನಾಲ್ಕಕ್ಕೆ ತಾತ

ಮೂವತ್ತನಾಲ್ಕನೇ ವಯಸ್ಸಿಗೆ ನಾನು ತಾತನಾದೆ. ಲಾರಿ ಶೆಡ್ಡಿನಲ್ಲಿ ಎಲ್ಲರೂ ಬೆನ್ನು ತಟ್ಟಿ, "ಕೋಲು ತರೋಣ್ವಾ ತಾತಾ?" ಎಂದು ಗೋಳು ಹುಯ್ದುಕೊಂಡರು. ನಾನೂ ನಕ್ಕೆ. ನನ್ನ ಹೊಟ್ಟೆ ಉರಿಯುತ್ತಿದ್ದುದು ಅದಕ್ಕಲ್ಲ.

ಮಗನಿಗೆ ಹದಿನೇಳು, ಅವನ ಕೂಸಿಗೆ ಒಂದೂವರೆ ತಿಂಗಳು. ಕೂಸಿನ ತಾಯಿ ಅವನದೇ ತರಗತಿಯಲ್ಲಿದ್ದ ಹುಡುಗಿ. ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಲಸಿಕೆಗೆಂದು ಎಲ್ಲರೂ ಆಸ್ಪತ್ರೆಗೆ ಹೋದಾಗ ನರ್ಸಮ್ಮ ಚಿಕ್ಕ ವಯಸ್ಸಿಗೇ ಅಪ್ಪ-ಅಮ್ಮ ಆದವರಿಗೆಂದು ಇದ್ದ ಒಂದು ಫಾರಂ ತೆಗೆದಳು.

"ಹುಡುಗ ಸ್ಕೂಲು ಯಾವಾಗ ಬಿಟ್ಟ?"

ನಾನು ಹೆಂಡತಿಯ ಮುಖ ನೋಡಿದೆ. "ಹದಿನೈದಕ್ಕೆ" ಎಂದಳು. ಅಂದಿನಿಂದ ಅವನು ಸೋಫಾ ಹೊಲಿಯುವ ಅಂಗಡಿಯಲ್ಲಿದ್ದಾನೆ. ನನಗೆ ಗೊತ್ತಾದದ್ದು ವರ್ಷ ಕಳೆದ ಮೇಲೆ.

"ಮನೇಲಿ ಅವನ ಜೊತೆ ಯಾರಿರ್ತಿದ್ರು?"

"ಯಾರೂ ಇಲ್ಲ. ನಾನು ಫ್ಯಾಕ್ಟರೀಲಿ, ಇವ್ರು ಲಾರೀಲಿ."

"ಅವನು ಹುಟ್ಟಿದಾಗ ನಿಮಗೆಷ್ಟು ವಯಸ್ಸು?" ಈಗ ನನ್ನನ್ನೇ ಕೇಳಿದಳು.

"ಹದಿನೇಳು."

ಪೆನ್ನು ನಿಂತಿತು. "ಇಂಥ ಮನೆಗಳಲ್ಲಿ ಹುಡುಗರು ಬೇಗ ಅಪ್ಪ ಆಗೋದು ಸ್ವಲ್ಪ ಜಾಸ್ತಿ. ಎಲ್ರೂ ಆಗ್ತಾರೆ ಅಂತಲ್ಲ. ನಿಮ್ಮನ್ನ ಬೈತಿಲ್ಲ ಕಣ್ರೀ" ಎಂದಳು.

ಬೈಯಲಿಲ್ಲ, ನಿಜ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನೇ.

ಸೂಜಿ ಚುಚ್ಚಿದ್ದೇ ಕೂಸು ಕಿಟಾರನೆ ಕಿರುಚಿತು. ಮಗ ಅದನ್ನು ಭುಜಕ್ಕೆ ಹಾಕಿಕೊಂಡು, ಬಾಯಲ್ಲೇ ಹೊಲಿಗೆ ಮಿಷನ್ನಿನ ಸದ್ದು ಮಾಡಿದ. ಟರ್ರ್, ಟರ್ರ್. ಕೂಸು ತೆಪ್ಪಗಾಯಿತು. ನನ್ನ ಹೆಂಡತಿ ಅವನನ್ನು ನೋಡಿದ ನೋಟವಿದೆಯಲ್ಲ, ಅದು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ನನ್ನ ಕಡೆ ತಿರುಗಿಲ್ಲ.

ತಿರುಗುವುದಾದರೂ ಹೇಗೆ? ಮಗ ಹುಟ್ಟಿದ ಹನ್ನೆರಡನೇ ದಿನಕ್ಕೇ ಲಾರಿ ಹತ್ತಿದವನು ನಾನು. ದುಡಿಯೋಕೆ ಅಂತ ಊರಿಗೆಲ್ಲ ಹೇಳಿದೆ. ನಿಜಕ್ಕೂ ಅಳುವ ಕೂಸಿಗೆ ಹೆದರಿ ಓಡಿದ್ದೆ. ಇವತ್ತಿಗೂ ಅವನು ತಾಯಿಗೆ 'ನೀನು' ಅನ್ನುತ್ತಾನೆ, ನನಗೆ ನೆಂಟರಿಗೆ ಅಂದಂತೆ 'ನೀವು'.

ಹೆತ್ತ ಮಗನ ಮೇಲೆ ಹೊಟ್ಟೆಕಿಚ್ಚು. ಹೇಳಿಕೊಳ್ಳಲು ನಾಚಿಕೆ, ಆದರೂ ಅದೇ. ಅವನೂ ನನ್ನಂತೆ ಓಡಿಹೋಗಲಿ, ಆಗ ನಾನೊಬ್ಬನೇ ಕೆಟ್ಟವನಾಗುವುದಿಲ್ಲ ಅನಿಸಿತು. ಮಾಲೀಕರ ಕೈಕಾಲು ಹಿಡಿದು ನನ್ನ ಗಾಡಿಯಲ್ಲೇ ಅವನಿಗೊಂದು ಕ್ಲೀನರ್ ಕೆಲಸ ಗೊತ್ತು ಮಾಡಿದೆ.

ಮರುದಿನ ಬೆಳಿಗ್ಗೆ, ಹೊರಡುವ ಹೊತ್ತಿಗೆ ಹೇಳಿದೆ: "ನನ್ ಜೊತೆ ಬಾರೋ. ತಿಂಗಳಿಗೊಂದ್ಸಲ ಮನೆ ಕಡೆ ಬಂದ್ರೆ ಆಯ್ತು. ಗಂಡಸು ಅಂದ್ಮೇಲೆ ದುಡೀಬೇಕು."

ಕೂಸಿನ ತಾಯಿ ಅವನನ್ನೇ ನೋಡುತ್ತಿದ್ದಳು. ಅವನೊಮ್ಮೆ ಹೂಂ ಅಂದಿದ್ದರೆ ನಾನು ಗೆದ್ದಂತೆ. ಅವನು ಒಗೆದ ಬಟ್ಟೆಗಳನ್ನು ಮಡಚುತ್ತಲೇ ಇದ್ದ.

"ಸೋಫಾ ಅಂಗಡೀನೇ ಸಾಕಪ್ಪ. ಸಂಜೆ ಆರಕ್ಕೆಲ್ಲ ಮನೇಲಿರ್ತೀನಿ."

"ಎಷ್ಟು ದಿನ ಈ ಆಟ? ನಿಂಗೂ ಸಾಕಾಗುತ್ತೆ, ನೋಡ್ತಿರು!"

ಅವನು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವನು ಎದ್ದು ನನ್ನ ಚೀಲವನ್ನು ಬಾಗಿಲ ಹತ್ತಿರ ತಂದಿಟ್ಟು, ಮೆತ್ತಗೆ ಹೇಳಿದ:

"ನೀವು ಹೋಗ್ಬನ್ನಿ ಅಪ್ಪ. ನೀವಿಲ್ದೆ ಇರೋದು ನಮಗೆ ರೂಢಿಯಾಗಿದೆ."