ಮೂರನೇ ಸೂಜಿಯಾದ ಮೇಲೆ ಮದುವೆ

ಮೂಡಲಗಿಯ ಮಲ್ಲೇಶ ಟ್ರ್ಯಾಕ್ಟರ್ ಟ್ರೇಲರುಗಳಿಗೆ ಬಣ್ಣ ಬಳಿಯುವವನು. ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಅವನ ತಗಡಿನ ಶೆಡ್ಡಿನ ಮುಂದೆ ಗಾಡಿಗಳು ಸಾಲುಗಟ್ಟುತ್ತಿದ್ದವು. ನವಿಲು, ಹೋರಿ, ಮಾಲಕರ ಮಕ್ಕಳ ಹೆಸರು, ಏನು ಕೇಳಿದರೂ ಬರೆದುಕೊಡುತ್ತಿದ್ದ. ವಯಸ್ಸು ನಲವತ್ತರ ಹತ್ತಿರ. ತಂಗಿಯರ ಮದುವೆ ಮಾಡುವ ಗಡಿಬಿಡಿಯಲ್ಲಿ ನನ್ನದು ಮರೆತೇಹೋಯಿತು ಎಂದು ತಾಯಿ ಕೆಂಚವ್ವನನ್ನು ನಗಿಸುತ್ತಿದ್ದ.

ಅಷ್ಟರಲ್ಲಿ ಅವನ ಕುತ್ತಿಗೆಯಲ್ಲಿ ಗಂಟುಗಳೆದ್ದವು. ಕ್ಯಾನ್ಸರ್ ಎಂದ ವೈದ್ಯರು ಕೀಮೋ ಶುರುಮಾಡಿದರು. ಗಂಟುಗಳೇನೋ ಕರಗುತ್ತ ಬಂದವು, ಆದರೆ ನಾಲ್ಕನೇ ಸುತ್ತಿನ ಹೊತ್ತಿಗೆ ಅವನ ಕಣ್ಣು ಹಳದಿಯಾದವು, ಅನ್ನ ಕಂಡರೆ ವಾಕರಿಕೆ. ಬೆಳಗಾವಿಯಲ್ಲಿ ಯಕೃತ್ತಿನ ವೈದ್ಯೆ ರಾಧಿಕಾ ರಕ್ತ ನೋಡಿ ಹೆಪಟೈಟಿಸ್ ಬಿ ಎಂದರು. ಹುಟ್ಟಿದಾಗಿನಿಂದ ಆ ವೈರಾಣು ಸದ್ದಿಲ್ಲದೆ ಅವನ ಯಕೃತ್ತಿನಲ್ಲಿ ಮಲಗಿತ್ತು. ಅದನ್ನು ಹತೋಟಿಯಲ್ಲಿಟ್ಟಿದ್ದ ದೇಹದ ಶಕ್ತಿಯನ್ನು ಕೀಮೋ ಕುಗ್ಗಿಸಿದ್ದೇ ತಡ, ಎದ್ದು ಕೂತಿತ್ತು. ಕೀಮೋಗೆ ಮೊದಲೇ ಪರೀಕ್ಷಿಸಿ ಮಾತ್ರೆ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಕೀಮೋ ನಿಂತಿತು, ಮಾತ್ರೆ ಶುರುವಾಯಿತು. ತಾಯಿಯ ರಕ್ತದಲ್ಲೂ ಅದೇ ವೈರಾಣು ಸಿಕ್ಕಿತು. ಹೆರಿಗೆಯಲ್ಲಿ ನಾನೇ ಮಗನಿಗೆ ಕೊಟ್ಟೆನಲ್ಲ ಎಂದು ಕೆಂಚವ್ವ ಅತ್ತಳು. ಮಲ್ಲೇಶ ಹಾಸಿಗೆಯಲ್ಲೇ ಹೊರಳಿ ಹೇಳಿದ:

“ಈ ಚಪ್ಪಟಿ ಮೂಗೂ ನೀನ ಕೊಟ್ಟದ್ದು. ಅದಕ್ಕ ನಾ ಯಾವತ್ತರ ಜಗಳಾ ತಗದೇನೇನ ಯವ್ವಾ?”

ಅಳುತ್ತಿದ್ದವಳು ನಕ್ಕುಬಿಟ್ಟಳು.

ನಿಧಾನಕ್ಕೆ ಕಣ್ಣು ಬೆಳ್ಳಗಾದವು. ಮಾತ್ರೆಯ ಕಾವಲಿನಲ್ಲಿ ಉಳಿದ ಕೀಮೋವೂ ಮುಗಿದು, ಗಂಟುಗಳು ಮಾಯವಾದವು. ಕೀಮೋ ಮುಗಿದ ಮೇಲೂ ವೈರಾಣು ಏಳಬಹುದು, ನಾನು ಹೇಳುವ ತನಕ ಮಾತ್ರೆ ಬಿಡಬೇಡ ಎಂದು ರಾಧಿಕಾ ತಾಕೀತು ಮಾಡಿದ್ದರು. ಮಲ್ಲೇಶ ಬಿಡಲಿಲ್ಲ. ಮತ್ತೆ ಬ್ರಷ್ ಹಿಡಿದ.

ಆಗ ಬಂದವಳು ಸಂಕೇಶ್ವರದ ಶೋಭಾ. ಗಂಡ ತೀರಿದ ಮೇಲೆ ತಾನೇ ಟೆಂಪೋ ಓಡಿಸುತ್ತ, ಹುಕ್ಕೇರಿ, ಗೋಕಾಕದ ಸಂತೆಗಳಿಗೆ ಮೆಣಸಿನಕಾಯಿ ಸಾಗಿಸುತ್ತಿದ್ದಳು. ಟೆಂಪೋದ ಹಿಂಬದಿಗೆ ಮೆಣಸಿನಕಾಯಿ ಬರೆಯಲು ಹೇಳಿದಳು. ಬರೆದದ್ದು ನೋಡಿ, ಇದು ಬದನೆಕಾಯಿ ಎಂದಳು. ಮಲ್ಲೇಶ ಅಳಿಸಿ ಬರೆದ. ಈಗ ಬೆಂಡೆಕಾಯಿ ಎಂದಳು. ಹೀಗೆ ವಾರವಿಡೀ ಟೆಂಪೋ ಶೆಡ್ಡಿನಲ್ಲೇ ನಿಂತಿತು, ಶೋಭಾ ಬಸ್ಸಿನಲ್ಲಿ ಬಂದು ಹೋಗಿ ಮಾಡಿದಳು. ಇಬ್ಬರ ನಗು ಕೇಳಿಸಿಕೊಂಡ ಕೆಂಚವ್ವ ಮೂರನೇ ದಿನದಿಂದಲೇ ಅವಳ ಪಾಲಿನ ರೊಟ್ಟಿಯನ್ನೂ ಬಡಿಯತೊಡಗಿದ್ದಳು.

ಮದುವೆಯ ಮಾತೆತ್ತಿದವಳು ಶೋಭಾಳೇ. ಮಲ್ಲೇಶ ಬ್ರಷ್ ಕೆಳಗಿಟ್ಟು ಕ್ಯಾನ್ಸರಿನದು, ವೈರಾಣುವಿನದು ಎಲ್ಲ ಹೇಳಿದ. ಗಂಡನಿಂದ ಹೆಂಡತಿಗೆ ಅಂಟಬಹುದು ಎಂಬುದನ್ನೂ ಹೇಳಿ ತಲೆ ತಗ್ಗಿಸಿದ. ಎದ್ದು ಹೋಗುತ್ತಾಳೆ ಎಂದುಕೊಂಡಿದ್ದ.

“ಅಂಟಲಾರದಂಗ ಏನರ ಔಷಧ ಐತೇನ್ರಿ?” ಎಂದಳು ಶೋಭಾ.

“ಸೂಜಿ ಐತಿ. ಮೂರು ಸಲ ಮಾಡಿಸ್ಕೋಬೇಕು. ಆರು ತಿಂಗಳು ಹಿಡಿತೈತಿ.”

“ಮತ್ತ ಕುಂತೀರಿ ಯಾಕ? ನಡೀರಿ, ದವಾಖಾನಿಗೆ ಹೋಗೂಣು.”

ಮೊದಲು ಅವಳ ರಕ್ತ ನೋಡಿ, ಘಟಪ್ರಭಾದಲ್ಲಿ ಮೊದಲ ಸೂಜಿ ಹಾಕಿದರು. ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿದವನು ಮಲ್ಲೇಶ. ಎರಡನೆಯದಾದ ದಿನ ಗೋಕಾಕಕ್ಕೆ ಹೋಗಿ ಕರದಂಟು ತಿಂದರು. ಶೋಭಾಳ ಅಣ್ಣ ಉದ್ದಪ್ಪನಿಗೆ ಬೇಸಿಗೆಯಲ್ಲೇ ಮದುವೆ ಮುಗಿಸುವ ಅವಸರ. ಕೆಂಚವ್ವ ಒಪ್ಪಲಿಲ್ಲ. ನಾವು ಬಸವಣ್ಣನವರ ಒಕ್ಕಲು, ಪಂಚಾಂಗ ನೋಡುವವರಲ್ಲ, ಈ ಸಲ ಮಾತ್ರ ದಿನ ನೋಡಲೇಬೇಕು, ಅದನ್ನು ಡಾಕ್ಟರೇ ಹೇಳಬೇಕು ಎಂದಳು.

ಮೂರನೆಯ ಸೂಜಿಯೂ ಆಯಿತು. ತಿಂಗಳು ಕಳೆದು ರಕ್ತ ನೋಡಿದ ರಾಧಿಕಾ, ಶೋಭಾಳಿಗೆ ಇನ್ನು ಭಯವಿಲ್ಲ ಎಂದರು. ಶ್ರಾವಣದಲ್ಲಿ ಮದುವೆ ನಡೆಯಿತು. ಪಂಕ್ತಿಯಲ್ಲಿ ಶೋಭಾಳ ಸೋದರತ್ತೆ ಭರಮವ್ವ, ಇವನ ಸಂಗಡ ಉಂಡರೆ ರೋಗ ಅಂಟುವುದಿಲ್ಲವೇ ಎಂದು ಮೆಲ್ಲಗೆ ಕೇಳಿದಳು. ಉಂಡರೆ, ಕೈಹಿಡಿದರೆ ಅಂಟುವುದಿಲ್ಲ ಎಂದು ಶೋಭಾ ಬಿಡಿಸಿ ಹೇಳಿದಳು. ಆಮೇಲೆ ಗಂಡನ ಎಲೆಯಲ್ಲಿದ್ದ ಹೋಳಿಗೆಯನ್ನು ಅರ್ಧ ಮುರಿದು ತಾನು ತಿಂದಳು. ಉಳಿದರ್ಧಕ್ಕೆ ಭರಮವ್ವನೇ ಕೈಚಾಚಿದಳು. ನನಗೇನು ಉಳಿಯಿತು ಎಂದು ಮಲ್ಲೇಶ ಕೇಳಿದಾಗ, ಬಡಿಸುವವರು ನಗುತ್ತ ಬುಟ್ಟಿಯನ್ನೇ ಅವನ ಮುಂದಿಟ್ಟರು.