ಯಾವ ಆವೃತ್ತಿ?

ಕಾಲೇಜಿನ ಮಕ್ಕಳು ಅವಳಿಗಿಟ್ಟ ಹೆಸರು ‘ಅಡಿಟಿಪ್ಪಣಿ ಮೇಡಂ’. “ವಿಶ್ವಕೋಶ ನೋಡಿ ಬರೆದೆ ಅಂದ್ರೆ ಸಾಲದು ಕಣ್ರೋ. ಆ ಲೇಖನ ಬರೆದೋರು ಯಾರು, ಯಾವ ಸಂಪುಟ, ಯಾವ ಆವೃತ್ತಿ? ಬೀದಿ ಹೇಳಿ ಮನೆ ಹೇಳದಿದ್ರೆ ನೆಂಟರು ಬರೋದು ಹೇಗೆ?” ಎಂದು ಗದರುತ್ತಿದ್ದಳು.

ದೀಪದ ಬುಡದಲ್ಲೇ ಕತ್ತಲೆ. ಹಗ್ಗ ಹೊಸೆಯುವವರ ಬಗ್ಗೆ ಅವಳು ಪಿಎಚ್.ಡಿ.ಗೆ ಬರೆದ ಮಹಾಪ್ರಬಂಧ ಒಂದೇ ಆಕ್ಷೇಪ ಹೊತ್ತು ವಾಪಸು ಬಂದಿತ್ತು: ವಿಶ್ವಕೋಶದ ‘ಹಗ್ಗ’ ಲೇಖನದ ಆವೃತ್ತಿ ನಮೂದಿಸಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದ ದಿನಗಳಲ್ಲಿ, ಗ್ರಂಥಾಲಯ ಮುಚ್ಚುವ ಗಂಟೆ ಹೊಡೆಯುತ್ತಿದ್ದಾಗ ಗೀಚಿಕೊಂಡ ಟಿಪ್ಪಣಿ ಅದು. ಹೊಸೆಯುವ ರಾಟೆಯನ್ನು ಮೊದಲು ಕಟ್ಟಿದವರು ಹೆಂಗಸರು ಎಂಬ ಆ ಲೇಖನದ ಮಾತಿನ ಮೇಲೇ ಅವಳ ಮೂರನೆಯ ಅಧ್ಯಾಯ ನಿಂತಿತ್ತು. ತಿದ್ದಿ ಕೊಡಲು ಅಂದೇ ಕೊನೆಯ ದಿನ. ತಪ್ಪಿದರೆ ನೋಂದಣಿ ರದ್ದು.

ಗ್ರಂಥಾಲಯದ ಕಪಾಟಿನಲ್ಲಿ ಹೊಸ ಆವೃತ್ತಿ ಹೊಳೆಯುತ್ತಿತ್ತು. ಅದರಲ್ಲಿ ‘ಹಗ್ಗ’ ಅರ್ಧ ಪುಟಕ್ಕಿಳಿದಿತ್ತು. ಹೆಂಗಸರ ಸುದ್ದಿಯೇ ಇಲ್ಲ.

“ಹಳೇ ಆವೃತ್ತಿಗಳು ಎಲ್ಲಣ್ಣಾ?”

“ಎರಡೂ ರದ್ದಿಗೆ ಹೋದ್ವು ಮೇಡಂ,” ಎಂದ ಗ್ರಂಥಪಾಲಕ. “ಇದರದೇ ಪುಟ ಹಾಕಿ. ಯಾರು ಬಂದು ನೋಡ್ತಾರೆ?”

“ನೋಡಿದೋರಿಗೆ ಇಲ್ಲಿ ಏನೂ ಸಿಗಲ್ವಲ್ಲ.”

ಮೆಟ್ಟಿಲ ಮೇಲೆ ಕೂತು ಮಾರ್ಗದರ್ಶಕರಿಗೆ ಫೋನು ಮಾಡಿದಳು. “ಆ ವಾಕ್ಯ ಕಿತ್ತುಹಾಕಮ್ಮ,” ಎಂದರು ಅವರು.

“ಕಿತ್ರೆ ಅಧ್ಯಾಯವೇ ಕುಸಿಯುತ್ತೆ ಸರ್.”

“ಹಾಗಾದ್ರೆ ಏನೋ ಒಂದು ಹಾಕು. ಹಠ ಮಾಡ್ಬೇಡ.”

ಬೇರೆ ಗ್ರಂಥಾಲಯಗಳಿಗೆ ಫೋನು ಮಾಡಿದಳು. ಕೆಲವರು ಎತ್ತಲಿಲ್ಲ. ಒಬ್ಬರು “ಮುಂದಿನ ವಾರ ಹುಡುಕಿಸ್ತೀವಿ” ಎಂದರು. ಕೊನೆಗೆ ಆ ಅಡಿಟಿಪ್ಪಣಿಯ ಪಕ್ಕ ಕೈಯಲ್ಲೇ ಬರೆದಳು: ಆವೃತ್ತಿ ತಿಳಿಯದು, ಹೊಸ ಆವೃತ್ತಿಯಲ್ಲಿ ಈ ಮಾತಿಲ್ಲ.

ಪರೀಕ್ಷಾ ವಿಭಾಗದ ಗುಮಾಸ್ತೆ ಓದಿ ತಲೆಯಾಡಿಸಿದಳು. “ತಿಳಿಯದು ಅಂದ್ರೆ ತಿದ್ದಿದ ಹಾಗಾಗಲ್ಲ ಮೇಡಂ. ಒಂದನೇದೋ ಎರಡನೇದೋ, ಯಾವುದೋ ಒಂದು ಹಾಕ್ಕೊಡಿ,” ಎಂದು ತನ್ನ ಪೆನ್ನನ್ನೇ ಮುಂದೆ ತಳ್ಳಿದಳು.

ಅವಳು ಪೆನ್ನು ಕೈಗೆತ್ತಿಕೊಂಡಳು. ತಾನು ಬರೆದದ್ದನ್ನು ಇನ್ನೊಮ್ಮೆ ಓದಿದಳು. ಪೆನ್ನನ್ನು ಅಲ್ಲೇ ಇಟ್ಟಳು.

ಮಹಾಪ್ರಬಂಧವನ್ನು ಎದೆಗವಚಿಕೊಂಡು ಮನೆಗೆ ಬಂದವಳು, ಬಾಗಿಲು ತೆರೆದ ತಂಗಿಗೆ “ಮುಗೀತು ಕಣೆ” ಎಂದಷ್ಟೇ ಹೇಳಿದಳು. ಆಮೇಲೆ ಸಾಯುವ ತನಕ ಅವಳು ಅರೆಕಾಲಿಕ ಉಪನ್ಯಾಸಕಿಯೇ.

ಅವಳ ಸಂತಾಪ ಸಭೆಗೆ ಕಾಲೇಜಿನವರು ಕಟ್ಟಿಸಿದ್ದ ಬ್ಯಾನರಿನಲ್ಲಿ ಹೆಸರಿನ ಮುಂದೆ ‘ಡಾ.’ ಇತ್ತು. ತಂಗಿ ಕುರ್ಚಿ ಹತ್ತಿ ಅದರ ಮೇಲೆ ಬಿಳಿ ಕಾಗದ ಅಂಟಿಸತೊಡಗಿದಳು.

“ಇರಲಿ ಬಿಡಮ್ಮಾ,” ಎಂದರು ಪ್ರಾಂಶುಪಾಲರು. “ಗೌರವಕ್ಕೆ ಹಾಕಿದ್ದು.”

“ಅಕ್ಕನಿಗೆ ಅದು ಸಿಗಲಿಲ್ಲ ಸರ್.”

ಅಂಟು ಹಸಿಯಾಗಿತ್ತು. ಸಭೆ ಮುಗಿಯುವವರೆಗೂ ಅವಳು ಕಾಗದವನ್ನು ಅಂಗೈಯಿಂದ ಒತ್ತಿಹಿಡಿದೇ ನಿಂತಿದ್ದಳು.